ಆ ಕಡೆಯ ನಗು

ನಮ್ಮೂರಿನ ಹಂಸಧ್ವನಿ ಟಾಕೀಸಿನಲ್ಲಿ ಪರದೆ ಇರುವುದು ಗೋಡೆಯ ಮೇಲಲ್ಲ, ಒಳಗಿನ ಜಾಗದ ನಟ್ಟನಡುವೆ. ತೆಳು ಬಟ್ಟೆಯ ಪರದೆ. ಅದರ ಈ ಕಡೆ ಗಂಡಸರು ಕೂರುತ್ತಾರೆ, ಆ ಕಡೆ ಹೆಂಗಸರು. ಯಂತ್ರ ಒಂದೇ, ರೀಲು ಒಂದೇ. ಆದರೂ ಗಂಡಸರಿಗೆ ನಗೆಚಿತ್ರವಾಗಿ ಕಾಣುವುದು ಹೆಂಗಸರಿಗೆ ಮೈ ನಡುಗಿಸುವ ಚಿತ್ರವಾಗಿ ಕಾಣುತ್ತದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವ ವಾರ ಗಂಡಸರು ಪಂಚೆಯ ತುದಿ ಬಾಯಿಗೆ ಒತ್ತಿಕೊಂಡು ಕೂತಿರುತ್ತಾರೆ. ಪರವೂರಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ನಮಗೆ ಅದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ.

ಸಹಜವಾದ್ದರಿಂದಲೇ ಅದಕ್ಕೆ ತಕ್ಕ ಏರ್ಪಾಡುಗಳೂ ಇದ್ದವು. ಸಿನಿಮಾ ನೋಡಿ ಹೆದರಿ ಬಂದವರ ಕೈಯಲ್ಲಿ ಆವತ್ತು ಯಾರೂ ಒಲೆ ಹಚ್ಚಿಸುತ್ತಿರಲಿಲ್ಲ. ಹೀಗಾಗಿ ನಮ್ಮೂರಿನ ಗಂಡಸರಿಗೆಲ್ಲ ಅನ್ನ, ತಿಳಿಸಾರು ಮಾಡಲು ಬರುತ್ತದೆ. ನಕ್ಕು ಬಂದವರು ಹೆದರಿ ಬಂದವರ ಜೊತೆ ಹಿತ್ತಲಿನವರೆಗೆ ಹೋಗಬೇಕು, ಹೋಗುವಾಗ ಹಿಂದಿನಿಂದ 'ಬೌ' ಎನ್ನಬಾರದು. ಇನ್ನೊಂದು ಪದ್ಧತಿಯೂ ಇತ್ತು, ಅದನ್ನು ಯಾರು ಮಾಡಿದರೋ ಗೊತ್ತಿಲ್ಲ. ಆ ಕಡೆಯವರು ಏನು ನೋಡಿದರು ಎಂದು ಈ ಕಡೆಯವರು ಕೇಳುವುದಿಲ್ಲ. ಕೇಳಿದರೆ ನಕ್ಕದ್ದರ ಮಜಾ ಹೋಗುತ್ತದೆ, ಹೆದರಿದ್ದರ ಮರ್ಯಾದೆ ಹೋಗುತ್ತದೆ ಎಂದು ಎರಡೂ ಕಡೆಯವರು ಅಂದುಕೊಂಡಿದ್ದೆವು.

ಈ ಪದ್ಧತಿಯಿಂದ ಅಷ್ಟಿಷ್ಟು ವಿನಾಯಿತಿ ಇದ್ದದ್ದು ನನಗೆ ಮಾತ್ರ. ನಾನು ಆ ಟಾಕೀಸಿನ ಪೋಸ್ಟರ್ ಬರೆಯುವವಳು. ಕುಮುದ ಎಂದು ಬಲಮೂಲೆಯಲ್ಲಿ ಸಣ್ಣಗೆ ಬರೆದಿರುತ್ತದಲ್ಲ, ಆ ಕುಮುದ ನಾನೇ. ಪ್ರತಿ ಚಿತ್ರಕ್ಕೂ ಎರಡು ಪೋಸ್ಟರ್ ಬೇಕು, ಗಂಡಸರ ಬಾಗಿಲಿಗೊಂದು, ಹೆಂಗಸರ ಬಾಗಿಲಿಗೊಂದು. ಹೊಸ ಚಿತ್ರ ಬಂದ ಶುಕ್ರವಾರ ಬೆಳಿಗ್ಗೆ ಮಾಲೀಕ ದೊರೆಸ್ವಾಮಿ ನಮ್ಮಿಬ್ಬರಿಗೆಂದೇ ಒಂದು ಆಟ ಹಾಕಿಸುತ್ತಿದ್ದರು. ನಾನು ಆ ಕಡೆ, ನನ್ನ ಗಂಡ ಶ್ರೀಪಾದ ಈ ಕಡೆ. ಅವರದು ಗಡಿಯಾರ ರಿಪೇರಿ ಅಂಗಡಿ. ಕೈ ಎಷ್ಟು ಸೂಕ್ಷ್ಮವೋ ನಗು ಅಷ್ಟೇ ಒರಟು. ಮನೆಗೆ ಬಂದು ಊಟ ಮಾಡುತ್ತ, ಗಂಡಸರ ಪೋಸ್ಟರಿಗೆ ಬೇಕಾದ ಒಂದು ದೃಶ್ಯವನ್ನು ಅಭಿನಯ ಮಾಡಿ ತೋರಿಸುತ್ತಿದ್ದರು. ಒಂದೇ ಒಂದು. ಕಥೆಯ ಕೊನೆಯನ್ನಂತೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಪೋಸ್ಟರಿಗೆ ಕೊನೆ ಯಾಕೆ ಬೇಕು? ಅಷ್ಟು ಗುಟ್ಟು ಇರ್ಲಿ," ಎನ್ನುತ್ತಿದ್ದರು. ನಾನೂ ಒತ್ತಾಯ ಮಾಡಿದವಳಲ್ಲ.

ಆ ವರ್ಷದ ಆರಂಭದಲ್ಲಿ ಬಂದ 'ಹುಣಸೆಮರದ ಹೆಂಡತಿ' ಹೆಂಗಸರಿಗೆ ನಗೆಚಿತ್ರವಾಗಿತ್ತು. ಸತ್ತ ಸೊಸೆ ಬಂದು ಮಾವನನ್ನು ಮರಕ್ಕೆ ತಲೆಕೆಳಗಾಗಿ ನೇತುಹಾಕಿ, ವರದಕ್ಷಿಣೆಗೆಂದು ಏನೇನು ಕೇಳಿದ್ದೆ ಎಂದು ಒಪ್ಪಿಸು ಅನ್ನುತ್ತಾಳೆ. ಅವನು ತಡವರಿಸುತ್ತ ಹೇಳುವುದನ್ನು ನೋಡಿ ನಾವು ನಕ್ಕು ನಕ್ಕು ಬೆಂಚಿನಿಂದ ಜಾರಿದೆವು. ಪರದೆಯ ಈ ಕಡೆಯಿಂದ ಗಂಡಸರ ಉಸಿರು ಕೂಡ ಕೇಳಿಸಲಿಲ್ಲ. ಆ ವಾರ ಊರಿನ ಗಂಡಂದಿರೆಲ್ಲ ಹೆಂಡತಿಯರನ್ನು ಬಹುವಚನದಲ್ಲಿ ಮಾತಾಡಿಸಿದರು.

ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಹೊನ್ನಮ್ಮನಿಗೆ ಇಂಥ ಚಿತ್ರಗಳ ಬಗ್ಗೆ ಅವಳದೇ ವಿಚಾರಗಳಿದ್ದವು. ಆಟ ಮುಗಿದ ಮೇಲೆ ನಾವು ಕೆಲವರು ಅವಳ ಸ್ಟೂಲಿನ ಸುತ್ತ ನಿಲ್ಲುತ್ತಿದ್ದೆವು.

"ಅಲ್ವೇ ಕುಮುದ, ಯಾವ ಸಿನಿಮಾದಲ್ಲಾದ್ರೂ ಗಂಡು ದೆವ್ವ ನೋಡಿದೀಯಾ?" ಎಂದಳು ಒಂದು ದಿನ. "ಗಂಡಸು ಸತ್ರೆ ಗೋಡೆ ಮೇಲೆ ಫೋಟೋ ಆಗ್ತಾನೆ, ಹಾರ ಹಾಕ್ತಾರೆ. ಹೆಂಗಸು ಸತ್ರೆ ಕೂದಲು ಬಿಚ್ಕೊಂಡು ಮರ ಹತ್ತಬೇಕು. ಅದ್ಯಾಕೆ?"

"ಬದುಕಿದ್ದಾಗ ಹೇಳಕ್ಕೆ ಬಿಟ್ಟಿರಲ್ವಲ್ಲ, ಅದಕ್ಕೆ," ಎಂದಳು ಪಕ್ಕದಲ್ಲಿದ್ದ ವನಮಾಲ. ಹೇಳಿ ತಾನೇ ಗಾಬರಿಯಾದವಳಂತೆ ಸೆರಗು ಸರಿಮಾಡಿಕೊಂಡಳು.

"ಹೋಗ್ಲಿ, ಗಂಡಸರು ಸೀರೆ ಉಟ್ಕೊಂಡು ಬರೋ ಚಿತ್ರ ಇದ್ಯಲ್ಲ," ಹೊನ್ನಮ್ಮ ಬಿಡಲಿಲ್ಲ. "ಹಾಸ್ಟೆಲಿಗೆ ನುಗ್ಗೋದು. ಆ ಕಡೆ ಕೇಕೆ ಹಾಕಿ ನಗ್ತಾರೆ. ನಮಗೆ ಕಾಣೋದು ಏನು? ಹುಡುಗೀರು ಮಲಗಿರೋ ಕೋಣೇಲಿ ಗಡ್ಡದ ಗಲ್ಲ ಮುಚ್ಕೊಂಡು ಯಾರೋ ಒಬ್ಬ ನಿಂತಿರ್ತಾನೆ. ಒಂದೇ ರೀಲು ಕಣ್ರೇ!"

ವನಮಾಲ ನಮ್ಮ ಪಕ್ಕದ ಮನೆಯವಳು. ಅವಳ ಗಂಡ ಚಿದಂಬರನಿಗೆ ಬಸ್ ನಿಲ್ದಾಣದ ಎದುರು ಸೋಡಾ ಅಂಗಡಿ. ಊರಿನಲ್ಲಿ ಅವನಷ್ಟು ನಗಿಸುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಸೋಡಾ ಗೋಲಿ ಒತ್ತುವಾಗ ಒಂದು ಮಾತು, ಲೋಟ ಕೊಡುವಾಗ ಒಂದು ಮಾತು. ಸಾವಿನ ಮನೆಗೆ ಹೋದರೂ ಹೊರಗಿನ ಜಗಲಿಯಲ್ಲಿ ಅವನ ಸುತ್ತ ನಾಲ್ಕು ಜನ ತುಟಿ ಬಿಗಿಹಿಡಿದು ನಗು ತಡೆದುಕೊಳ್ಳುತ್ತಿದ್ದರು. ನನಗೂ ಅವನು ಇಷ್ಟವೇ ಆಗಿದ್ದ. ಹೆಂಡತಿಯ ಮೇಲೂ ಜೋಕು ಮಾಡುತ್ತಿದ್ದ, ಆದರೆ ಯಾರ ಗಂಡ ಮಾಡುವುದಿಲ್ಲ ಎಂದುಕೊಂಡಿದ್ದೆವು. ಅವಳ ಅಕ್ಕ ಪರವೂರಿನಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮದುವೆಯಾದಾಗಿನಿಂದ ವನಮಾಲ ಆ ಊರಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಕೇಳಿದರೆ ಚಿದಂಬರನೇ ಮುಂದೆ ಬಂದು, "ಕಳಿಸಿದ್ರೆ ಇವಳು ಅಲ್ಲಿ ಊಟ ಬಡಿಸಿ ಗಿರಾಕಿಗಳನ್ನ ಓಡಿಸ್ತಾಳೆ, ಪಾಪ ಅವರಕ್ಕ ಬದುಕಬೇಡ್ವಾ?" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಮಾವಿನಹಣ್ಣಿನ ಕಾಲದಲ್ಲಿ 'ಬಾಗಿಲು ಹಾಕ್ಕೋ ಭಾಗ್ಯಾ' ಬಂತು. ಗಂಡಸರಿಗೆ ನಗೆಚಿತ್ರ. ಶುಕ್ರವಾರ ಬೆಳಿಗ್ಗೆ ನಾನು ಆ ಕಡೆ ಒಬ್ಬಳೇ ಕೂತು ನೋಡಿದೆ. ಭಾಗ್ಯಳ ಗಂಡನ ಮುಖ ನಮ್ಮ ಕಡೆಗೆ ಕಾಣುವುದೇ ಇಲ್ಲ. ಅವನ ಜೋಡಿನ ಸದ್ದು ಮತ್ತು ಹೊರಡುವಾಗಲೆಲ್ಲ ಅವನು ಹೇಳುವ "ಬಾಗಿಲು ಹಾಕ್ಕೋ ಭಾಗ್ಯಾ" ಎಂಬ ಮಾತು, ಅಷ್ಟೇ. ಹೆಂಡತಿ ಎಲ್ಲಿ ಓಡಾಡುತ್ತಾಳೆಂದು ತಿಳಿಯಲು ಅವನು ಅವಳ ಸೊಂಟಕ್ಕೆ ಕರುವಿನ ಗಂಟೆ ಕಟ್ಟುತ್ತಾನೆ. ಅವಳು ನಡೆದರೆ ಗಂಟೆ, ಕೂತರೆ ಗಂಟೆ, ನಿದ್ದೆಯಲ್ಲಿ ಮಗ್ಗುಲಾದರೆ ಗಂಟೆ. ಕೊನೆಗೆ ಹಿತ್ತಲ ಬಾವಿಯ ಹತ್ತಿರ ಗಂಟೆ ಥಟ್ಟನೆ ನಿಂತುಹೋಗುತ್ತದೆ. ರಾಟೆ ಮಾತ್ರ ತಿರುಗುತ್ತಿರುತ್ತದೆ. ಅಲ್ಲಿಗೆ ಚಿತ್ರ ಮುಗಿಯಿತು. ನಾನು ಹೊರಗೆ ಬಂದಾಗ ಬಿಸಿಲಲ್ಲೂ ಅಂಗೈ ತಣ್ಣಗಿತ್ತು. ಗಂಡಸರ ಬಾಗಿಲಿನಿಂದ ಶ್ರೀಪಾದ ಕಣ್ಣೀರು ಒರೆಸಿಕೊಂಡು ಬಂದರು. ನಕ್ಕು ನಕ್ಕು ಬಂದ ಕಣ್ಣೀರು.

ಮನೆಯಲ್ಲಿ ಸೊಂಟಕ್ಕೆ ಚಾವಿಗೊಂಚಲು ಸಿಕ್ಕಿಸಿಕೊಂಡು ಅವರು ಭಾಗ್ಯಳ ಹಾಗೆ ಕುಣಿದು ತೋರಿಸಿದರು. ನಾನು ತಟ್ಟೆ ದೂರ ಸರಿಸಿದೆ.

"ಯಾಕೆ, ನಿಮ್ಮ ಕಡೆ ಅಷ್ಟೊಂದು ಹೆದರಿಕೇದಾ?" ಎಂದರು.

"ಹೇಳ್ಲಾ?"

"ಬೇಡ ಬೇಡ," ಎಂದು ಕೈ ಅಡ್ಡ ಹಿಡಿದರು. "ಪದ್ಧತಿ ಅಲ್ಲ ಅದು."

ಎರಡೂ ಪೋಸ್ಟರ್ ಬರೆದೆ. ಗಂಡಸರಿಗೆ ಗಂಟೆ ಕಟ್ಟಿಕೊಂಡು ಕುಣಿಯುವ ಹೆಂಡತಿ, ಹೆಂಗಸರಿಗೆ ರಾಟೆ. ಚಿತ್ರ ಚೆನ್ನಾಗಿ ಓಡಿತು.

ಮುಂದಿನ ವಾರದಲ್ಲಿ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಾವೆಲ್ಲ ಕೊಡ ಹಿಡಿದು ನಿಂತಿದ್ದಾಗ ಗಂಟೆಯ ಸದ್ದು ಕೇಳಿಸಿತು. ಯಾರದೋ ಕರು ತಪ್ಪಿಸಿಕೊಂಡಿದೆ ಎಂದುಕೊಂಡು ತಿರುಗಿದರೆ ವನಮಾಲ. ಸೊಂಟದಲ್ಲಿ ಹಿತ್ತಾಳೆಯ ಗಂಟೆ. ಅವಳ ಹಿಂದೆಯೇ ಚಿದಂಬರ, ಬೀದಿಗೆಲ್ಲ ಕೇಳುವಂತೆ, "ದಾರಿ ಬಿಡ್ರಪ್ಪಾ, ಉತ್ಸವಮೂರ್ತಿ ಬರ್ತಿದೆ!" ಎಂದ. ಜಗಲಿಗಳ ಮೇಲಿದ್ದ ಗಂಡಸರು ಘೊಳ್ಳೆಂದು ನಕ್ಕರು. ಚಿತ್ರದಲ್ಲಿ ನೋಡಿದ್ದು ಕಣ್ಣೆದುರಿಗೇ ನಡೆದುಬಂದಿತ್ತಲ್ಲ. ನಲ್ಲಿಯ ಹತ್ತಿರ ಇದ್ದ ನಾವು ಕಲ್ಲಾಗಿ ನಿಂತೆವು. ಯಾರದೋ ಕೊಡ ತುಂಬಿ ಹರಿಯತೊಡಗಿತು. ನಡುವೆ ಪರದೆ ಇರಲಿಲ್ಲ, ಹಾಡುಹಗಲು, ನಮ್ಮದೇ ಬೀದಿ. ಆದರೂ ಅವರು ಕಂಡದ್ದೇ ಬೇರೆ, ನಾವು ಕಂಡದ್ದೇ ಬೇರೆ.

ವನಮಾಲ ಕೂಡ ಸಣ್ಣಗೆ ನಕ್ಕಳು. ಎಲ್ಲರೂ ನಗುವಾಗ ನಗದೇ ಇದ್ದರೆ ಚೆನ್ನಾಗಿರುವುದಿಲ್ಲ ಎನ್ನುವ ನಗು.

ಅಂದಿನಿಂದ ಆ ಸದ್ದು ನಮ್ಮ ಗೋಡೆಯಾಚೆ ದಿನವಿಡೀ ಕೇಳುತ್ತಿತ್ತು. ಒರಳಿನ ಹತ್ತಿರ, ಒಲೆಯ ಹತ್ತಿರ, ಬಟ್ಟೆ ಒಣಗಹಾಕುವಲ್ಲಿ. ಮೊದಮೊದಲು ಅದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು, ಆಮೇಲೆ ಕೇಳದಿದ್ದರೆ. ಒಂದು ಮಧ್ಯಾಹ್ನ ನಾನು ಬಣ್ಣ ಕಲೆಸುತ್ತಿದ್ದಾಗ ಸದ್ದು ನಿಂತದ್ದು ಗಮನಕ್ಕೆ ಬಂತು. ಸ್ವಲ್ಪ ಹೊತ್ತು ಕಾದೆ. ಇಲ್ಲ. ಕುಂಚ ಬಿಸಾಕಿ, ಹಿತ್ತಲ ಬೇಲಿ ದಾಟಿ ಓಡಿದೆ. ಅವರ ಬಾವಿಕಟ್ಟೆಯ ಮೇಲೆ ಬಗ್ಗಿ ನೋಡಿದೆ. ನೀರಿನಲ್ಲಿ ನನ್ನದೇ ಮುಖ, ಕೆನ್ನೆಯ ಮೇಲೆ ಹಸಿರು ಬಣ್ಣ.

"ಏನೇ ಹುಡುಕ್ತಿದೀಯಾ?" ವನಮಾಲ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಗಂಟೆಯ ನಾಲಿಗೆಗೆ ಹತ್ತಿ ಸುತ್ತಿದ್ದಳು.

ನಾನು ಬಾವಿಕಟ್ಟೆಗೆ ಒರಗಿ ಕೂತೆ. "ಸದ್ದು ನಿಂತಿತ್ತು, ಅದಕ್ಕೆ..."

"ಸ್ವಲ್ಪ ಹೊತ್ತು ಮನೆ ಹೆಂಗಿರುತ್ತೆ ಕೇಳೋಣ ಅಂತ," ಎಂದಳು. ಆಮೇಲೆ ಬಾವಿಯ ಕಡೆ ನೋಡಿ, "ಸಿನಿಮಾ ನೋಡಿದಾಗಿಂದ ಅದರ ಹತ್ರ ಹೋಗಕ್ಕೇ ಭಯ ಆಗುತ್ತೆ ಕುಮುದ. ನೀರಿನ ಭಯ ಅಲ್ಲ. ಕೊನೆಗೆ ಹೋಗೋದು ಅಲ್ಲಿಗೇನಾ ಅಂತ," ಎಂದಳು.

"ಬಿಚ್ಚಿ ಬಿಸಾಕು ಅದನ್ನ."

"ಬಿಚ್ಚಿದ್ದೆ. 'ತಮಾಷೆ ಅರ್ಥ ಆಗಲ್ಲ ನಿಂಗೆ' ಅಂದ್ರು. ಎಲ್ಲರೂ ನಗ್ತಿರೋವಾಗ ನಾನೊಬ್ಬಳೇ ಹೆಂಗೆ ಅಳಲಿ?"

ಆ ಸಂಜೆ ನಾನು ಶ್ರೀಪಾದರ ಜೊತೆ ಜಗಳ ಮಾಡಿದೆ. ಅವರು ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಯಾರದೋ ಗಡಿಯಾರದ ಒಳಗೆ ನೋಡುತ್ತಿದ್ದರು.

"ನಾನೇನು ನಿಂಗೆ ಗಂಟೆ ಕಟ್ಟಿದೀನಾ?" ಎಂದರು.

"ಇಲ್ಲ. ಅವನು ಕಟ್ಟಿದಾಗ ನಕ್ರಿ."

"ಎಲ್ಲರೂ ನಕ್ರು!"

"ಅದನ್ನೇ ಹೇಳ್ತಿರೋದು."

ಅವರು ಭೂತಗನ್ನಡಿ ತೆಗೆದರು. ಕಣ್ಣಿನ ಸುತ್ತ ಉಂಗುರದಂಥ ಗುರುತು ಮೂಡಿತ್ತು. ಗಡಿಯಾರದ ಮುಚ್ಚಳ ಹಾಕಿದರು. ಜಗಳ ಅಲ್ಲಿಗೇ ನಿಂತಿತು.

ಮರುದಿನ ದೊರೆಸ್ವಾಮಿಯವರ ಹತ್ತಿರ ಹೋದೆ. ಜನ ಕಮ್ಮಿಯಾಗುತ್ತಿದ್ದಾರೆ, ಚಿತ್ರ ಬದಲಾಯಿಸಬೇಕು ಎಂದು ಅವರು ಗೊಣಗುತ್ತಿದ್ದರು. ಬದಲಾಯಿಸುವ ಮೊದಲು ಒಂದೇ ಒಂದು ಆಟ ಅದಲುಬದಲು ಮಾಡಿ ಎಂದೆ. ಗಂಡಸರು ಆ ಕಡೆ, ಹೆಂಗಸರು ಈ ಕಡೆ.

"ತಲೆ ಸರಿ ಇದ್ಯೇನಮ್ಮಾ? ನಮ್ಮ ತಾತನ ಕಾಲದಿಂದ ಯಾರೂ ಕಡೆ ಬದಲಿಸಿಲ್ಲ. ಹೆಂಗಸರ ಬಾಗಿಲಲ್ಲಿ ಯಾವ ಗಂಡಸು ಬರ್ತಾನೆ?"

"ಬರೋ ಹಾಗೆ ಪೋಸ್ಟರ್ ನಾನು ಬರೀತೀನಿ."

ಹಳದಿ ಹಾಳೆಯ ಮೇಲೆ ಕೆಂಪು ಅಕ್ಷರದಲ್ಲಿ ಇಷ್ಟೇ ಬರೆದೆ: 'ಈ ಭಾನುವಾರ ಮ್ಯಾಟಿನಿ. ಹೆಂಗಸರ ಕಡೆ ಗಂಡಸರಿಗೆ ಪ್ರವೇಶ. ಗುಂಡಿಗೆ ಇದ್ದವರಿಗೆ ಮಾತ್ರ.' ಊರಿನಲ್ಲಿ ಗುಂಡಿಗೆ ಇಲ್ಲದ ಗಂಡಸು ಯಾರಿದ್ದಾನೆ? ಭಾನುವಾರ ಹೊನ್ನಮ್ಮನ ಬಾಗಿಲಲ್ಲಿ ಮೀಸೆಗಳ ಸಾಲು. ಹೊನ್ನಮ್ಮ ಒಬ್ಬೊಬ್ಬರ ಟಿಕೆಟ್ ಹರಿಯುತ್ತ, "ಹೆದರಿಕೆ ಆದ್ರೆ ಪಕ್ಕದವರ ಕೈ ಹಿಡ್ಕೊಳ್ಳಿ, ನಾವೂ ಹಂಗೇ ಮಾಡೋದು," ಎಂದು ಬುದ್ಧಿ ಹೇಳಿ ಕಳಿಸಿದಳು. ಎಲ್ಲರಿಗಿಂತ ಮುಂದೆ ಇದ್ದವನು ಚಿದಂಬರ. ಶ್ರೀಪಾದ ಎಲ್ಲರಿಗಿಂತ ಹಿಂದೆ.

ಕಡೆ ಬದಲಾದರೆ ಚಿತ್ರ ಯಾರಿಗೆ ಹೇಗೆ ಕಾಣುತ್ತದೆ, ಯಾರಿಗೂ ಗೊತ್ತಿರಲಿಲ್ಲ. ನಾವು ಗಂಡಸರ ಬೆಂಚಿನ ಮೇಲೆ ಕೂತೆವು. ಬೀಡಿ ವಾಸನೆ. ನನ್ನ ಪಕ್ಕ ವನಮಾಲ, ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಚಿತ್ರ ಶುರುವಾಯಿತು. ಆ ಕಡೆಯಿಂದ ಚಿದಂಬರನ ದನಿ ಕೇಳಿತು, "ಲೋ, ಯಾರ್ದೋ ಮಲ್ಲಿಗೆ ಹೂವು ಬಿದ್ದಿದೆ ಕಣೋ ಇಲ್ಲಿ!" ನಗು. ಮತ್ತೊಂದು ಮಾತು, ಸಣ್ಣ ನಗು. ಮೂರನೆಯ ಮಾತಿಗೆ ಯಾರೋ "ಶ್" ಎಂದರು. ಆಮೇಲೆ ಆ ಕಡೆ ಸದ್ದೇ ಇಲ್ಲ.

ನಮ್ಮ ಕಡೆಯದು ಹೇಳಬೇಕು. ಭಾಗ್ಯಳ ಗಂಡನಿಗೆ ಈ ಕಡೆ ಮುಖವಿತ್ತು. ದುಂಡುಮುಖ, ತೊದಲು ಮಾತು, ಜಾರುವ ಪಂಚೆ. ಅವನು ಗಂಟೆ ಕಟ್ಟಲು ಹೋಗಿ ಮೊದಲು ತನ್ನದೇ ಜನಿವಾರಕ್ಕೆ ಕಟ್ಟಿಕೊಳ್ಳುತ್ತಾನೆ. ಹೊನ್ನಮ್ಮ ಮೊದಲು ನಕ್ಕಳು, ತನ್ನ ಬಾಗಿಲು ಬಿಟ್ಟು ನಮ್ಮ ಕಡೆ ಬಂದು ನಿಂತಿದ್ದಳು. ಆಮೇಲೆ ಒಬ್ಬೊಬ್ಬರೇ. ನಗಬಾರದು ಎಂದು ನಾನು ಹಲ್ಲು ಕಚ್ಚಿದೆ. ಆಗಲಿಲ್ಲ. ನಿಜವಾಗಿಯೂ ನಗು ಬರುವಂತಿತ್ತು, ಅದನ್ನು ಅಲ್ಲಗಳೆದು ಏನು ಪ್ರಯೋಜನ? ಕೊನೆಯಲ್ಲಿ ಭಾಗ್ಯ ಸೊಂಟದ ಗಂಟೆ ಬಿಚ್ಚಿ ಬೆಕ್ಕಿನ ಕೊರಳಿಗೆ ಕಟ್ಟುತ್ತಾಳೆ. ಗಂಡ ಬೆಕ್ಕಿನ ಹಿಂದೆ ಅಟ್ಟ, ಮಾಡು, ಹಿತ್ತಲು ಎಂದು "ಭಾಗ್ಯಾ, ಭಾಗ್ಯಾ" ಎನ್ನುತ್ತ ಓಡುತ್ತಾನೆ. ಭಾಗ್ಯ ಮುಂಬಾಗಿಲಿನಿಂದ ಇಳಿದು, ಕೈಚೀಲ ಬೀಸಿಕೊಂಡು, ಬಸ್ಸು ಹತ್ತಿ ಹೊರಟುಹೋಗುತ್ತಾಳೆ. ಮುಗಿಯಿತು.

ಹೆಂಗಸರೆಲ್ಲ ಕೇಕೆ ಹಾಕುತ್ತಿದ್ದರು. ವನಮಾಲ ನನ್ನ ತೋಳು ಹಿಡಿದಳು. ಉಗುರು ಊರುವಷ್ಟು ಬಿಗಿ.

"ಕುಮುದ, ನಮ್ಮ ಕಡೆ ಅವಳು ಬಾವಿಗೆ ಹೋಗ್ತಾಳೆ."

"ಹೂಂ."

"ಈ ಕಡೆ ಅವಳು ಬಸ್ ಹತ್ತಿ ಹೋಗ್ತಾಳೆ. ಇಷ್ಟು ದಿನ ಇವರೆಲ್ಲ ಅದನ್ನ ನೋಡಿ ನೋಡಿ ನಗ್ತಿದ್ರು. ನಮಗೆ ಒಬ್ಬರೂ ಹೇಳಿರಲಿಲ್ಲ ನೋಡು, ಹಂಗೂ ಹೋಗಬಹುದು ಅಂತ."

ಹೊರಗೆ ಬಂದಾಗ ಗಂಡಸರು ಹೆಂಗಸರ ಬಾಗಿಲಿನಿಂದ ಗುಂಪಾಗಿ ಇಳಿಯುತ್ತಿದ್ದರು. ಯಾರೂ ಬೀಡಿ ಹಚ್ಚಲಿಲ್ಲ. ಒಬ್ಬಿಬ್ಬರು ಹೆಂಡತಿಯರನ್ನು ಹುಡುಕಿ ಹತ್ತಿರ ನಿಂತರು. ಚಿದಂಬರ ಮಾತ್ರ, "ರೀಲು ಹಾಳಾಗಿದೆ ಕಣ್ರೋ, ಬರೀ ಕತ್ತಲು. ನಿದ್ದೆ ಬಂತು ನಂಗೆ," ಎಂದ. ಅವನ ಹಣೆಯ ಮೇಲೆ ಬೆವರು ಹಾಗೇ ಇತ್ತು. ವನಮಾಲಳನ್ನು ಕರೆದುಕೊಂಡು ಬೇಗ ಬೇಗ ಹೋದ.

ಶ್ರೀಪಾದ ನನ್ನ ಜೊತೆ ಮನೆಯ ಕಡೆ ನಡೆದರು. ಅರ್ಧ ದಾರಿಯಲ್ಲಿ ಕೇಳಿದರು, "ಪ್ರತಿಸಲ ಇದನ್ನೇನಾ ನೀವು ನೋಡ್ತಿದ್ದದ್ದು?"

"ಹೂಂ. ಪ್ರತಿಸಲ ಅಷ್ಟು ಚೆನ್ನಾಗಿ ನಗ್ತಿದ್ರಾ ನೀವು?"

"ನಿಂಗೂ ನಗು ಬಂತಾ?"

"ತಡ್ಕೊಳ್ಳಕ್ಕೆ ಆಗ್ಲಿಲ್ಲ ಕಣ್ರೀ. ಅದೇ ಕಷ್ಟ."

ಮನೆಗೆ ಹೋಗಿ ಯಾರು ಒಲೆ ಹಚ್ಚಬೇಕು ಎಂಬುದಕ್ಕೆ ಪದ್ಧತಿಯಲ್ಲಿ ಉತ್ತರ ಇತ್ತು. ಹೆದರಿ ಬಂದವರು ಅವರು. ಆದರೂ ಅವರೇ ಹಚ್ಚಿದರು. ಬೆಂಕಿಕಡ್ಡಿಗಳು ಒಂದರ ಹಿಂದೊಂದು ಆರಿದವು. ನಾನು ಪಕ್ಕದಲ್ಲಿ ಕೂತು ನಮ್ಮ ಕಡೆಯ ಹಳೆಯ ಚಿತ್ರಗಳನ್ನೆಲ್ಲ ಹೇಳಿದೆ, ಅವರು ಅವರ ಕಡೆಯವನ್ನು, ಕೊನೆಗಳ ಸಮೇತ.

ವನಮಾಲ ಅಕ್ಕನ ಊರಿಗೆ ಹೊರಟದ್ದು ಬುಧವಾರ, ಸಂತೆಯ ದಿನ, ಮಧ್ಯಾಹ್ನದ ಬಸ್ಸಿಗೆ. ಹಿತ್ತಲಿನಿಂದ ಬಂದು ನನ್ನನ್ನು ಕೇಳಿದಳು, "ಪೆಟ್ಟಿಗೆ ಹಿಡ್ಕೊಳ್ಳಕ್ಕೆ ಬರ್ತೀಯಾ?" ಕದ್ದು ಹೋಗುವುದು ಅವಳಿಗೆ ಬೇಕಿರಲಿಲ್ಲ. ಗಂಟೆ ಬಿಚ್ಚಿಟ್ಟು, ಹೊಸ ಸೀರೆ ಉಟ್ಟು, ಸಂತೆಯ ನಡುವೆ ನಡೆದುಕೊಂಡೇ ಬಂದಳು. ಪೆಟ್ಟಿಗೆಯ ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಗಡಿಯಾರದ ಅಂಗಡಿ ದಾಟುವಾಗ ಶ್ರೀಪಾದ ಇಳಿದು ಬಂದು, ಒಂದು ಮಾತೂ ಕೇಳದೆ ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿಕೊಂಡರು.

ಬಸ್ಸು ಸೋಡಾ ಅಂಗಡಿಯ ಎದುರಿಗೇ ನಿಲ್ಲುವುದು. ಚಿದಂಬರನ ಸುತ್ತ ಎಂದಿನಂತೆ ಜನ. ಅವನು ಅವಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಕ್ಷಣ ಹೊತ್ತು ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಕೈಯಲ್ಲಿದ್ದ ಸೋಡಾ ಬಾಟಲಿಯನ್ನು ಕೆಳಗಿಟ್ಟು, ಬೀದಿಯ ನಡುವೆ ಬಂದು, ಊರಿಗೆಲ್ಲ ಪರಿಚಿತವಾದ ಆ ದನಿ ತೆಗೆದ.

"ಕಂಡಕ್ಟರೇ, ಈ ಲಗೇಜಿಗೆ ಟಿಕೆಟ್ ಹರೀಬೇಡಿ! ಸಂಜೆ ಬಸ್ಸಿಗೆ ವಾಪಸ್ ಬರೋ ಮಾಲು!"

ಹೇಳಿ, ಸುತ್ತ ತಿರುಗಿ, ನಗುವಿಗೆ ಜಾಗ ಬಿಟ್ಟು ನಿಂತ. ಅದು ಅವನ ಕಲೆಯೇ ಆಗಿತ್ತು, ಎಷ್ಟು ಹೊತ್ತು ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು. ಸಂತೆಯ ಜನರೆಲ್ಲ ಕೇಳಿಸಿಕೊಂಡಿದ್ದರು. ಚಹಾ ಅಂಗಡಿಯ ಬೆಂಚಿನವರು, ತರಕಾರಿ ಮಾರುವವರು, ಸೋಡಾ ಕುಡಿಯುತ್ತಿದ್ದವರು. ಯಾರೂ ನಗಲಿಲ್ಲ. ಒಬ್ಬ ಗಂಟಲು ಸರಿಮಾಡಿಕೊಂಡ. ಚಿದಂಬರ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ, ನಗು ಎಲ್ಲೋ ಹಿಂದಿನ ಸಾಲಿನಿಂದ ಹೊರಟು ಬರುತ್ತಿದೆ, ತಡವಾಗಿದೆ ಅಷ್ಟೇ ಎಂಬಂತೆ. ಅವನ ತುಟಿಯ ಮೇಲಿದ್ದ ನಗು ಯಾರದೋ ಎರವಲು ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅವನ ಮೇಲೆ ನನಗೆ ಕನಿಕರವಾಗಬಹುದೆಂದು ನಾನು ಅಂದುಕೊಂಡಿರಲಿಲ್ಲ, ಆಯಿತು.

ವನಮಾಲ ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಳು. ಕಂಡಕ್ಟರ್ ಟಿಕೆಟ್ ಹರಿದು ಅವಳ ಕೈಗಿಟ್ಟ. ಸೀಟಿ ಊದಿದ. ಡ್ರೈವರ್ ಕೀಲಿ ತಿರುಗಿಸಿದರೆ ಇಂಜಿನ್ನು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ ಕೆಮ್ಮು.

"ಥತ್, ಇದಕ್ಕೂ ಇವತ್ತೇ ಆಗಬೇಕಿತ್ತಾ," ಎಂದರು ಶ್ರೀಪಾದ. ಅಂಗಿಯ ತೋಳು ಮಡಚಿ ಬಸ್ಸಿನ ಹಿಂದೆ ಹೋಗಿ ಎರಡೂ ಕೈ ಊರಿದರು. ಅವರೊಬ್ಬರಿಂದ ಆಗುವ ಕೆಲಸವಲ್ಲ, ಬಸ್ಸು ಮಿಸುಕಾಡಲಿಲ್ಲ. ಚಹಾ ಅಂಗಡಿಯ ಬೆಂಚಿನಿಂದ ಒಬ್ಬ ಎದ್ದ. ಲೋಟ ಕೆಳಗಿಟ್ಟು ಇನ್ನೊಬ್ಬ. ಈರುಳ್ಳಿ ಮೂಟೆಯ ಮೇಲೆ ಕೂತಿದ್ದವರು, ಸೋಡಾ ಅಂಗಡಿಯ ಮುಂದೆ ನಿಂತಿದ್ದವರು. ದೊರೆಸ್ವಾಮಿಯವರು ಕೂಡ ಹೊಟ್ಟೆ ಒಳಗೆಳೆದುಕೊಂಡು ಜಾಗ ಮಾಡಿಕೊಂಡರು. ನಾನೂ ಹೊನ್ನಮ್ಮನೂ ಸಂದಿಯಲ್ಲಿ ಹೇಗೋ ಕೈ ತೂರಿಸಿದೆವು.

"ಒತ್ರಪ್ಪಾ, ಒತ್ರೀ!" ಎಂದು ಯಾರೋ ಕೂಗಿದರು. ಬಸ್ಸು ಹಂದಾಡಿತು, ಉರುಳಿತು, ಇಳಿಜಾರು ಸಿಕ್ಕಿದ್ದೇ ಗುರ್ರೆಂದು ಜೀವ ಹಿಡಿಯಿತು. ಕಪ್ಪು ಹೊಗೆಯನ್ನೆಲ್ಲ ನಮ್ಮ ಮುಖಕ್ಕೆ ಉಗುಳಿ, ತಿರುವಿನಲ್ಲಿ ಒಮ್ಮೆ ಹಾರನ್ ಮಾಡಿ, ಹೋಯಿತು.